ಅಧಿಕ ಆವೇಶಿತ ಅಯಾನುಗಳ ಲೇಸರ್ ರೋಹಿತಮಾಪನ

ಪರಮಾಣುವಿನಿಂದ ಹಲವು ಎಲೆಕ್ಟ್ರಾನುಗಳನ್ನು ಕಿತ್ತುಹಾಕಿದಾಗ ಉಳಿಯುವ, ಬಲವಾದ ಧನ ಆವೇಶವುಳ್ಳ ಕಣಕ್ಕೆ ಅಧಿಕ ಆವೇಶಿತ ಅಯಾನು ಎಂದು ಹೆಸರು. ಇಂಥ ಅಯಾನು ಹೀರುವ ಅಥವಾ ಹೊರಸೂಸುವ ಬೆಳಕು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಕಂಪಿಸುತ್ತದೆ ಎಂಬುದನ್ನು, ಅಂದರೆ ಆ ಬೆಳಕಿನ ಆವೃತ್ತಿಯನ್ನು, ಲೇಸರಿನ ನೆರವಿನಿಂದ ಗೊತ್ತುಮಾಡಿ, ಆವೃತ್ತಿ ಬಾಚಣಿಗೆ ಎಂಬ ಸಾಧನದ ಮೂಲಕ ಅದನ್ನು ಸೆಕೆಂಡಿನ ಅಂತಾರಾಷ್ಟ್ರೀಯ ಮಾನಕ್ಕೆ ಜೋಡಿಸುವ ವಿದ್ಯೆ 2015ರಿಂದ ಈಚೆಗೆ ಪರಮಾಣು ಭೌತವಿಜ್ಞಾನದ ಪ್ರಮುಖ ಶಾಖೆಯಾಗಿ ಬೆಳೆದಿದೆ. ಇದರ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಅಳೆಯುವ ಸಾಧನವಾದ ಬಾಚಣಿಗೆ 2000ದ ಹೊತ್ತಿಗೇ ಸಿದ್ಧವಾಗಿದ್ದರೂ ಅಳೆಯಬೇಕಾದ ವಸ್ತುವನ್ನು ಅದರ ಮುಂದೆ ಅಲುಗಾಡದಂತೆ ನಿಲ್ಲಿಸಲು ಇನ್ನೂ ಎರಡು ದಶಕ ಹಿಡಿಯಿತು. ಆದ್ದರಿಂದ ಈ ವಿದ್ಯೆಯ ಕಥೆ ಬಹುಪಾಲು ಬೆಳಕಿನ ಕಥೆಯಲ್ಲ, ಲಕ್ಷಾಂತರ ಡಿಗ್ರಿ ಉಷ್ಣತೆಯಲ್ಲಿ ಹುಟ್ಟುವ ಕಣಗಳನ್ನು ತಣಿಸುವ ಕಥೆ.

ಅಯಾನುಗಳು ಮತ್ತು ಅವುಗಳ ಗೆರೆಗಳು

ಭೂಮಿಯ ಮೇಲೆ ಅಪರೂಪವಾದರೂ ವಿಶ್ವದಲ್ಲಿ ಅಧಿಕ ಆವೇಶಿತ ಅಯಾನುಗಳಿಗೆ ಬರವಿಲ್ಲ. ಸೂರ್ಯನ ಹೊರ ಆವರಣವಾದ ಕರೋನಾದಲ್ಲಿ, ನಕ್ಷತ್ರಗಳ ಗರ್ಭದಲ್ಲಿ, ಕಪ್ಪು ಕುಳಿಗಳ ಸುತ್ತ ಸುಳಿಯುವ ಅನಿಲದಲ್ಲಿ, ಹಾಗೆಯೇ ಸಮ್ಮಿಳನ ಸಂಶೋಧನೆಯ ಪ್ಲಾಸ್ಮಾ ಯಂತ್ರಗಳಲ್ಲಿ ಅವು ಹೇರಳವಾಗಿವೆ. ವಿಜ್ಞಾನ ಅವುಗಳನ್ನು ಮೊದಲು ಕಂಡದ್ದು ಗುರುತು ಹಿಡಿಯದೆಯೇ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ರೋಹಿತದರ್ಶಕದ ಮೂಲಕ ನೋಡಲು ಬಂದ ವೀಕ್ಷಕರಲ್ಲಿ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಒಬ್ಬ. ಆ ಗ್ರಹಣದಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಉಜ್ಜ್ವಲ ಗೆರೆಗಳು ಸಿಕ್ಕವು. ಮರುವರ್ಷ ಅಮೆರಿಕದಲ್ಲಿ ಕಂಡ ಗ್ರಹಣದಲ್ಲಿ ಚಾರ್ಲ್ಸ್ ಯಂಗ್ ಮತ್ತು ವಿಲಿಯಂ ಹಾರ್ಕ್‌ನೆಸ್ ಕರೋನಾದ ಬೆಳಕಿನಲ್ಲಿ ಒಂದು ಹಸಿರು ಗೆರೆಯನ್ನು ಕಂಡರು. ಅಂದು ತಿಳಿದಿದ್ದ ಯಾವ ಧಾತುವಿಗೂ ಅದು ಹೊಂದಲಿಲ್ಲವಾಗಿ, ಕರೋನಿಯಂ ಎಂಬ ಹೊಸ ಧಾತುವೇ ಇದೆಯೆಂದು ಭಾವಿಸಲಾಯಿತು. ಆ ಕಲ್ಪಿತ ಧಾತು ಪುಸ್ತಕಗಳಲ್ಲಿ ಎಪ್ಪತ್ತು ವರ್ಷ ಬಾಳಿತು. ಜರ್ಮನಿಯ ವಾಲ್ಟರ್ ಗ್ರೋಟ್ರಿಯನ್ 1939ರಲ್ಲಿ ಕೊಟ್ಟ ಸುಳಿವನ್ನು ಹಿಡಿದು ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ 1940ರ ದಶಕದ ಆರಂಭದಲ್ಲಿ, 530.3 ನ್ಯಾನೋಮೀಟರಿನ ಆ ಗೆರೆ 13 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ್ದೆಂದು ತೋರಿಸಿದನು. ಕಬ್ಬಿಣ ಆ ಸ್ಥಿತಿಗೆ ಬರಬೇಕಾದರೆ ಕರೋನಾದ ಉಷ್ಣತೆ ಹತ್ತು ಲಕ್ಷ ಕೆಲ್ವಿನ್ನಿಗೂ ಮೇಲಿರಬೇಕು; ಸುಮಾರು ಆರು ಸಾವಿರ ಕೆಲ್ವಿನ್ ಉಷ್ಣತೆಯ ಸೂರ್ಯನ ಮೇಲ್ಮೈಗಿಂತ ಅದರ ಹೊರಗಿನ ತೆಳು ಅನಿಲ ಇಷ್ಟೊಂದು ಬಿಸಿಯಾಗಿರುವುದೇಕೆ ಎಂಬ ಪ್ರಶ್ನೆ ಅಂದು ಹುಟ್ಟಿದ್ದು ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ಇದೇ ಹಸಿರು ಗೆರೆಯನ್ನು ಇಂದು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ ನಿರ್ಮಿಸಿದ ಉಪಕರಣವೊಂದು ಅಂತರಿಕ್ಷದಿಂದ ನೋಡುತ್ತಿದೆ. 2023ರ ಸೆಪ್ಟೆಂಬರ್ 2ರಂದು ಉಡಾವಣೆಯಾದ ಆದಿತ್ಯ-ಎಲ್1 ನೌಕೆಯಲ್ಲಿರುವ ಈ ಕರೋನಾದರ್ಶಕವು ಹಸಿರು ಗೆರೆಯ ಜೊತೆಗೆ 10 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ 789.2 ನ್ಯಾನೋಮೀಟರ್ ಗೆರೆಯನ್ನೂ 12 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ 1074.7 ನ್ಯಾನೋಮೀಟರ್ ಗೆರೆಯನ್ನೂ ವೀಕ್ಷಿಸುವಂತೆ ರೂಪಿತವಾಗಿದೆ. ಕರೋನಾದ ಅನಿಲ ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂಬುದನ್ನು ಗೆರೆಗಳ ಸ್ಥಾನಪಲ್ಲಟದಿಂದ ಲೆಕ್ಕ ಹಾಕಬೇಕಾದರೆ, ನಿಶ್ಚಲ ಅಯಾನಿನಲ್ಲಿ ಆ ಗೆರೆ ಎಲ್ಲಿರುತ್ತದೆಂಬುದು ಮೊದಲು ತಿಳಿದಿರಬೇಕು. ಪ್ರಯೋಗಾಲಯದ ಅಳತೆಗೂ ಖಗೋಳ ವೀಕ್ಷಣೆಗೂ ಇರುವ ನೇರ ಕೊಂಡಿ ಇದು.

ಕರೋನಾದ ಗೆರೆಗಳು ಕಣ್ಣಿಗೆ ಕಾಣುವ ಬೆಳಕಿನಲ್ಲಿರುವುದು ಮೇಲ್ನೋಟಕ್ಕೆ ವಿಚಿತ್ರ. ಎಲೆಕ್ಟ್ರಾನುಗಳು ಕಡಿಮೆಯಾದಂತೆಲ್ಲ ಉಳಿದವುಗಳನ್ನು ಬೀಜಕೇಂದ್ರ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅವು ಒಂದು ಶಕ್ತಿಮಟ್ಟದಿಂದ ಇನ್ನೊಂದಕ್ಕೆ ಜಿಗಿಯಲು ಬೇಕಾದ ಶಕ್ತಿ ಹಿಗ್ಗುತ್ತದೆ. ಒಂದೇ ಎಲೆಕ್ಟ್ರಾನ್ ಉಳಿದ ಅಯಾನಿನಲ್ಲಿ ಈ ಶಕ್ತಿ ಪರಮಾಣು ಸಂಖ್ಯೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹೀಗಾಗಿ ಇಂಥ ಅಯಾನುಗಳ ಸಾಮಾನ್ಯ ಗೆರೆಗಳು ಅತಿನೇರಳೆ ಹಾಗೂ ಎಕ್ಸ್ ಕಿರಣಗಳ ಕಡೆಗೆ ಸರಿಯುತ್ತವೆ, ಅಲ್ಲಿ ಸ್ಥಿರವಾದ ಲೇಸರುಗಳು ದೊರಕುವುದಿಲ್ಲ. ಆದರೆ ಮೂರು ದಾರಿಗಳು ತೆರೆದಿವೆ. ಎಲೆಕ್ಟ್ರಾನಿನ ಸ್ವಭ್ರಮಣಕ್ಕೂ ಅದರ ಕಕ್ಷೀಯ ಚಲನೆಗೂ ಇರುವ ಸಂಬಂಧದಿಂದ ಒಂದೇ ಮಟ್ಟ ಎರಡಾಗಿ ಸೀಳುವುದಕ್ಕೆ ಸೂಕ್ಷ್ಮ ರಚನೆ ಎನ್ನುತ್ತಾರೆ. ಹಗುರ ಪರಮಾಣುವಿನಲ್ಲಿ ತೀರ ಕಿರಿದಾದ ಈ ಸೀಳು ಪರಮಾಣು ಸಂಖ್ಯೆಯ ನಾಲ್ಕನೆಯ ಘಾತದಂತೆ ಹಿಗ್ಗುವುದರಿಂದ ಮಧ್ಯಮ ಆವೇಶದ ಅಯಾನುಗಳಲ್ಲಿ ಗೋಚರ ಬೆಳಕಿನ ವಲಯಕ್ಕೇ ಬಂದು ನಿಲ್ಲುತ್ತದೆ. ಕರೋನಾದ ಹಸಿರು ಗೆರೆ ಹುಟ್ಟುವುದು ಹೀಗೆ. ಬೀಜಕೇಂದ್ರದ ಕಾಂತಗುಣದಿಂದಾಗುವ ಇನ್ನೂ ಕಿರಿದಾದ ಸೀಳು, ಅಂದರೆ ಅತಿಸೂಕ್ಷ್ಮ ರಚನೆ, ಬಹಳ ಭಾರವಾದ ಅಯಾನುಗಳಲ್ಲಿ ಅದೇ ವಲಯವನ್ನು ಮುಟ್ಟುತ್ತದೆ. ಮೂರನೆಯದು ಶಕ್ತಿಮಟ್ಟಗಳ ಹಾಯುವಿಕೆ: ತಟಸ್ಥ ಪರಮಾಣುವಿನಲ್ಲಿ ಮೇಲಿರುವ ಒಂದು ಕಕ್ಷೆ ಆವೇಶ ಹೆಚ್ಚಿದಂತೆ ಕೆಳಗಿಳಿದು, ಮೊದಲು ತನಗಿಂತ ಕೆಳಗಿದ್ದ ಇನ್ನೊಂದು ಕಕ್ಷೆಯನ್ನು ದಾಟಿ ಹೋಗುತ್ತದೆ, ದಾಟುವ ಆ ಎಡೆಯಲ್ಲಿ ಎರಡರ ನಡುವಿನ ಅಂತರ ಗೋಚರ ಬೆಳಕಿಗೆ ಎಟಕುವಷ್ಟು ಕಡಿಮೆಯಾಗಿರುತ್ತದೆ.

ಅಳತೆಯ ಪ್ರಯೋಜನ

ಎಲೆಕ್ಟ್ರಾನ್ ಬೀಜಕೇಂದ್ರಕ್ಕೆ ಹತ್ತಿರವಾದಷ್ಟೂ ಅದು ಅನುಭವಿಸುವ ವಿದ್ಯುತ್ ಕ್ಷೇತ್ರ ಪ್ರಚಂಡವಾಗುತ್ತದೆ. ಒಂದೇ ಎಲೆಕ್ಟ್ರಾನ್ ಉಳಿದ ಯುರೇನಿಯಂನಲ್ಲಿ ಈ ಕ್ಷೇತ್ರ ಹೈಡ್ರೋಜನ್ನಿನಲ್ಲಿ ಇರುವುದಕ್ಕಿಂತ ಸುಮಾರು ಎಂಟು ಲಕ್ಷ ಪಟ್ಟು ಹೆಚ್ಚು. ಬೆಳಕು ಮತ್ತು ಆವೇಶಗಳ ಒಡನಾಟವನ್ನು ವಿವರಿಸುವ ಕ್ವಾಂಟಮ್ ವಿದ್ಯುದ್ಗತಿವಿಜ್ಞಾನ ಎಂಬ ಸಿದ್ಧಾಂತವು ದುರ್ಬಲ ಕ್ಷೇತ್ರದಲ್ಲಿ ಅತ್ಯಂತ ಕಠಿಣ ಪರೀಕ್ಷೆಗಳನ್ನು ಗೆದ್ದಿದೆಯಾದರೂ ಇಷ್ಟು ಪ್ರಬಲ ಕ್ಷೇತ್ರದಲ್ಲಿ ಅದನ್ನು ಪರೀಕ್ಷಿಸಲು ಬೇರೆ ಸುಲಭ ಸ್ಥಳವಿಲ್ಲ. ನಿರ್ವಾತದ ಕ್ವಾಂಟಮ್ ಏರಿಳಿತಗಳಿಂದ ಶಕ್ತಿಮಟ್ಟ ತುಸು ಸರಿಯುವ ಲ್ಯಾಂಬ್ ಪಲ್ಲಟವು ಹೈಡ್ರೋಜನ್ನಿನಲ್ಲಿ ಎಲೆಕ್ಟ್ರಾನ್‌ವೋಲ್ಟಿನ ಲಕ್ಷದಲ್ಲೊಂದು ಪಾಲಿನ ಮಟ್ಟದ್ದು. ಯುರೇನಿಯಂನಲ್ಲಿ ಅದು ಸುಮಾರು 460 ಎಲೆಕ್ಟ್ರಾನ್‌ವೋಲ್ಟ್.

ಗಡಿಯಾರಗಳ ದೃಷ್ಟಿಯಿಂದ ಇದೇ ಬಿಗಿತಕ್ಕೆ ಇನ್ನೊಂದು ಮುಖವಿದೆ. ಪರಮಾಣು ಗಡಿಯಾರದಲ್ಲಿ ಎರಡು ಶಕ್ತಿಮಟ್ಟಗಳ ನಡುವಿನ ಸಂಕ್ರಮಣದ ಆವೃತ್ತಿಯೇ ಕಾಲದ ಅಳತೆ. ಹೊರಗಿನ ವಿದ್ಯುತ್ ಕ್ಷೇತ್ರವಾಗಲಿ ಕೋಣೆಯ ಗೋಡೆಗಳಿಂದ ಹೊರಡುವ ಶಾಖವಿಕಿರಣವಾಗಲಿ ಎಲೆಕ್ಟ್ರಾನ್ ಮೋಡವನ್ನು ಎಳೆದು ವಿರೂಪಗೊಳಿಸಿದರೆ ಆ ಆವೃತ್ತಿ ತಪ್ಪುತ್ತದೆ. ಬೀಜಕೇಂದ್ರಕ್ಕೆ ಅಂಟಿಕೊಂಡ ಪುಟ್ಟ ಎಲೆಕ್ಟ್ರಾನ್ ಮೋಡ ಇಂಥ ಎಳೆತಕ್ಕೆ ಸುಲಭವಾಗಿ ಮಣಿಯದಿರುವುದರಿಂದ ಅಧಿಕ ಆವೇಶಿತ ಅಯಾನು ಹೊರಗಿನ ಕಾಟಕ್ಕೆ ಬಹುಪಾಲು ಕಿವುಡು. ಹೊರಗಿನ ಕಾಟಕ್ಕೆ ಕಿವುಡಾದ ಈ ಅಯಾನು ಪ್ರಕೃತಿಯ ಮೂಲ ಸ್ಥಿರಾಂಕಗಳ ವಿಷಯದಲ್ಲಿ ಮಾತ್ರ ಅತಿ ಸೂಕ್ಷ್ಮ. ವಿದ್ಯುತ್ಕಾಂತ ಬಲದ ಪ್ರಮಾಣವನ್ನು ಹೇಳುವ, ಸುಮಾರು 1/137 ಬೆಲೆಯ ಸೂಕ್ಷ್ಮ ರಚನಾ ಸ್ಥಿರಾಂಕವು ನಿಜಕ್ಕೂ ಸ್ಥಿರವೇ, ಇಲ್ಲವೇ ಕಾಲ ಸರಿದಂತೆ ಎಳ್ಳಷ್ಟಾದರೂ ಬದಲಾಗುತ್ತದೆಯೇ ಎಂದು ಕೇಳುವವರಿಗೆ, ಆ ಬದಲಾವಣೆಗೆ ಬೇರೆ ಬೇರೆ ಪ್ರಮಾಣದಲ್ಲಿ ಸ್ಪಂದಿಸುವ ಎರಡು ಗಡಿಯಾರಗಳು ಬೇಕು. ಮಟ್ಟಗಳು ಹಾಯುವ ಎಡೆಯಲ್ಲಿನ ಅಯಾನುಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ ಎಂದು ಜೂಲಿಯನ್ ಬೆರೆಂಗಟ್, ವ್ಲಾದಿಮಿರ್ ದ್ಸುಬಾ ಮತ್ತು ವಿಕ್ಟರ್ ಫ್ಲಾಂಬಾಮ್ 2010ರಲ್ಲಿ ಗಣಿಸಿ ತೋರಿಸಿದರು. ಇರಿಡಿಯಂ-17+, ಪ್ರೇಸಿಯೋಡಿಮಿಯಂ-9+, ಕ್ಯಾಲಿಫೋರ್ನಿಯಂ-15+ ಮುಂತಾದವು ಆ ಬಗೆಯ ಅಯಾನುಗಳು. ಇಲ್ಲಿ ಧಾತುವಿನ ಹೆಸರಿನ ಮುಂದಿನ ಸಂಖ್ಯೆ ಕಳೆದುಹೋದ ಎಲೆಕ್ಟ್ರಾನುಗಳದು. ಇಂಥ ಗಡಿಯಾರಗಳಿಗೆ ತಕ್ಕ ಅಯಾನುಗಳನ್ನು ಹುಡುಕುವ ಸೈದ್ಧಾಂತಿಕ ಗಣನೆಯಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಬಿಜಯ ಕುಮಾರ್ ಸಾಹೂ ಅವರ ಕೆಲಸವೂ ಸೇರಿದೆ.

ಆವೃತ್ತಿ ಬಾಚಣಿಗೆ

ಗೋಚರ ಬೆಳಕು ಸೆಕೆಂಡಿಗೆ ಕೆಲವು ನೂರು ಲಕ್ಷ ಕೋಟಿ ಬಾರಿ ಕಂಪಿಸುತ್ತದೆ. ಇಷ್ಟು ವೇಗವಾಗಿ ಎಣಿಸಬಲ್ಲ ವಿದ್ಯುನ್ಮಾನ ಸಾಧನವಿಲ್ಲ. ಸೆಕೆಂಡಿನ ವ್ಯಾಖ್ಯೆಯಾದರೋ ಸೀಸಿಯಂ ಪರಮಾಣುವಿನ 919,26,31,770 ಹರ್ಟ್ಸ್ ಆವೃತ್ತಿಯ ಸೂಕ್ಷ್ಮತರಂಗಕ್ಕೆ ಕಟ್ಟುಬಿದ್ದಿದೆ. ಇವೆರಡರ ನಡುವಿನ ಸುಮಾರು ಐವತ್ತು ಸಾವಿರ ಪಟ್ಟಿನ ಕಂದರವನ್ನು ದಾಟಲು ಮೊದಲು ಆವೃತ್ತಿಯನ್ನು ಹಂತಹಂತವಾಗಿ ಗುಣಿಸುತ್ತ ಹೋಗುವ ಲೇಸರುಗಳ ಸರಪಳಿಗಳಿದ್ದವು; ಕೋಣೆಗಳನ್ನೇ ತುಂಬುತ್ತಿದ್ದ ಆ ಯಂತ್ರಗಳು ಒಂದೊಂದೂ ಒಂದೇ ಗೆರೆಯ ಅಳತೆಗೆ ಮೀಸಲು. ಜರ್ಮನಿಯ ಬ್ರೌನ್‌ಷ್ವೈಗ್ ನಗರದ ರಾಷ್ಟ್ರೀಯ ಮಾಪನ ಸಂಸ್ಥೆ 1996ರಲ್ಲಿ ಕ್ಯಾಲ್ಸಿಯಂ ಪರಮಾಣುವಿನ ಕೆಂಪು ಗೆರೆಯನ್ನು ಅಳೆದದ್ದು ಹಾಗೆಯೇ.

ನಾಲ್ಕೇ ವರ್ಷಗಳಲ್ಲಿ ಈ ಸರಪಳಿಗಳು ವಸ್ತುಸಂಗ್ರಹಾಲಯ ಸೇರುವಂತಾಯಿತು. ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲಿಗೊಮ್ಮೆ, ತಪ್ಪದ ತಾಳದಲ್ಲಿ, ಅತಿ ಕಿರಿದಾದ ಬೆಳಕಿನ ಮಿಡಿತವನ್ನು ಹೊಮ್ಮಿಸುವ ಲೇಸರಿನ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಅಲ್ಲಿ ಅಖಂಡ ಪಟ್ಟಿಯೊಂದು ಕಾಣದೆ, ಸಮಾನ ಅಂತರದಲ್ಲಿ ನಿಂತ ಲಕ್ಷಾಂತರ ಚೂಪು ಗೆರೆಗಳು ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತವೆ. ಹಲ್ಲುಗಳ ನಡುವಿನ ಅಂತರ ಮಿಡಿತಗಳ ಆವೃತ್ತಿಗೆ ಸಮ; ಅದು ರೇಡಿಯೋ ಆವೃತ್ತಿಯ ವಲಯದಲ್ಲಿರುವುದರಿಂದ ಸೀಸಿಯಂ ಗಡಿಯಾರದೊಡನೆ ಸುಲಭವಾಗಿ ಹೋಲಿಸಬಹುದು. ಆದರೆ ಇಡೀ ಬಾಚಣಿಗೆ ಸೊನ್ನೆಯಿಂದ ತುಸು ಪಕ್ಕಕ್ಕೆ ಸರಿದಿರುತ್ತದೆ, ಆ ಸರಿತವೂ ತಿಳಿಯಬೇಕು. ಬಾಚಣಿಗೆಯ ಹರವು ಒಂದು ಆವೃತ್ತಿಯಿಂದ ಅದರ ಇಮ್ಮಡಿಯವರೆಗೆ ಚಾಚಿದ್ದರೆ, ಕೆಳತುದಿಯ ಒಂದು ಹಲ್ಲಿನ ಆವೃತ್ತಿಯನ್ನು ಇಮ್ಮಡಿಸಿ ಮೇಲ್ತುದಿಯ ಹಲ್ಲಿನೊಡನೆ ಹೋಲಿಸಿದಾಗ ಬರುವ ವ್ಯತ್ಯಾಸವೇ ಆ ಸರಿತ. ಅಷ್ಟು ಹರವನ್ನು ವಿಶೇಷ ರಚನೆಯ ಗಾಜಿನ ಎಳೆಗಳ ಮೂಲಕ ಬೆಳಕನ್ನು ಹಾಯಿಸಿ 2000ದ ಹೊತ್ತಿಗೆ ಸಾಧಿಸಲಾಯಿತು. ಗಾರ್ಶಿಂಗ್‌ನ ಥಿಯೋಡೋರ್ ಹೆನ್ಷ್ ಮತ್ತು ಬೌಲ್ಡರಿನ ಜಾನ್ ಹಾಲ್ ಈ ಕೊಡುಗೆಗಾಗಿ 2005ರ ನೊಬೆಲ್ ಬಹುಮಾನದ ಅರ್ಧವನ್ನು ಹಂಚಿಕೊಂಡರು. ಸರಿತ ಮತ್ತು ಅಂತರ ಎರಡೂ ತಿಳಿದ ಮೇಲೆ ಯಾವ ಹಲ್ಲಿನ ಆವೃತ್ತಿಯನ್ನಾದರೂ ಗುಣಾಕಾರ ಸಂಕಲನಗಳಿಂದ ಹೇಳಬಹುದು. ಅಳೆಯಬೇಕಾದ ಲೇಸರನ್ನು ಸಮೀಪದ ಹಲ್ಲಿನೊಡನೆ ಬೆರೆಸಿ ಅವುಗಳ ವ್ಯತ್ಯಾಸವನ್ನು ಎಣಿಸಿದರೆ ಅಳತೆ ಮುಗಿಯಿತು.

ಅಧಿಕ ಆವೇಶಿತ ಅಯಾನುಗಳ ಅಧ್ಯಯನದಲ್ಲಿ ಬಾಚಣಿಗೆ ಅಳತೆಗೋಲಾಗಿ ಮಾತ್ರ ದುಡಿಯುವುದಿಲ್ಲ. ಒಂದು ಬಣ್ಣದ ಲೇಸರಿನ ಸ್ಥಿರತೆಯನ್ನು ಇನ್ನೊಂದು ಬಣ್ಣದ ಲೇಸರಿಗೆ ದಾಟಿಸುವ ಸೇತುವೆಯೂ ಅದೇ. ಬೇರೆ ಲೇಸರುಗಳು ತಲಪಲಾರದ ಅತಿನೇರಳೆಯಲ್ಲಿ ಸ್ವತಃ ಬೆಳಕಿನ ಮೂಲವೂ ಅದೇ. ಈ ಮೂರರಲ್ಲಿ ಮೊದಲ ಎರಡು ಕೈಗೂಡಿವೆ, ಮೂರನೆಯದಕ್ಕೆ ಸಿದ್ಧತೆ ಸಾಗಿದೆ.

ಅಯಾನುಗಳ ತಯಾರಿಕೆ ಮತ್ತು ತಂಪುಗೊಳಿಕೆ

ಎಲೆಕ್ಟ್ರಾನುಗಳನ್ನು ಕಿತ್ತುಹಾಕಲು ಎರಡು ಮುಖ್ಯ ವಿಧಾನಗಳಿವೆ. ಒಂದು, ಅಯಾನುಗಳನ್ನು ಮಹಾವೇಗಕ್ಕೆ ಏರಿಸಿ ತೆಳುವಾದ ಹಾಳೆಯ ಮೂಲಕ ಹಾಯಿಸುವುದು. ಡಾರ್ಮ್‌ಸ್ಟಾಟ್‌ನ ಜಿಎಸ್‌ಐ ಕೇಂದ್ರದ ಸಂಗ್ರಹ ವರ್ತುಲದಲ್ಲಿ ಹೀಗೆ ತಯಾರಾದ, ಒಂದೇ ಎಲೆಕ್ಟ್ರಾನ್ ಉಳಿದ ಬಿಸ್ಮತ್ ಅಯಾನುಗಳ ಅತಿಸೂಕ್ಷ್ಮ ರಚನೆಯ 244 ನ್ಯಾನೋಮೀಟರ್ ಗೆರೆಯನ್ನು 1994ರಲ್ಲಿ ಲೇಸರಿನಿಂದ ಅಳೆಯಲಾಯಿತು. ಅಧಿಕ ಆವೇಶಿತ ಅಯಾನುಗಳ ಲೇಸರ್ ಅಧ್ಯಯನದಲ್ಲಿ ಅದೊಂದು ಮೈಲಿಗಲ್ಲು. ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಸುತ್ತುವ ಅಯಾನಿನ ಗೆರೆ ಎಷ್ಟೋ ದೂರ ಸರಿದು ಕಾಣುವುದರಿಂದ, ಅಯಾನಿನ ವೇಗ ಎಷ್ಟು ನಿಖರವಾಗಿ ತಿಳಿದಿದೆಯೋ ಗೆರೆಯ ಅಳತೆಯೂ ಅಷ್ಟೇ ನಿಖರ. ಅದೇ ವರ್ತುಲದಲ್ಲಿ ನಡೆದ ಮುಂದಿನ ಪ್ರಯೋಗಗಳು 2017ರಲ್ಲಿ ಸಿದ್ಧಾಂತಕ್ಕೆ ಹೊಂದದ ಫಲಿತಾಂಶ ಕೊಟ್ಟು ಗಲಿಬಿಲಿ ಎಬ್ಬಿಸಿದವು. ತಪ್ಪಿದ್ದು ಕ್ವಾಂಟಮ್ ವಿದ್ಯುದ್ಗತಿವಿಜ್ಞಾನವಲ್ಲ, ಬಿಸ್ಮತ್ ಬೀಜಕೇಂದ್ರದ ಕಾಂತಭ್ರಾಮಕಕ್ಕೆ ಹಳೆಯ ಕೋಷ್ಟಕಗಳಲ್ಲಿದ್ದ ಬೆಲೆ ಎಂದು ಮರುವರ್ಷ ತಿಳಿದುಬಂತು.

ಇನ್ನೊಂದು ವಿಧಾನ ಎಲೆಕ್ಟ್ರಾನ್ ಕಿರಣದ ಅಯಾನು ಬೋನು. ದುಬ್ನಾದ ಯೆವ್ಗೆನಿ ದೊನೆತ್ಸ್ 1960ರ ದಶಕದಲ್ಲಿ ರೂಪಿಸಿದ ಅಯಾನು ಮೂಲದ ತತ್ತ್ವವನ್ನು ಮುಂದುವರಿಸಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಮಾರ್ಟನ್ ಲೆವೀನ್ ಮತ್ತು ರಾಸ್ ಮಾರ್ಸ್ 1980ರ ದಶಕದಲ್ಲಿ ಇದನ್ನು ಕಟ್ಟಿದರು. ಕಾಂತಕ್ಷೇತ್ರದಿಂದ ಹಿಂಡಿ ಕೂದಲೆಳೆಯಷ್ಟು ತೆಳುವಾಗಿಸಿದ ಎಲೆಕ್ಟ್ರಾನ್ ಕಿರಣವು ದಾರಿಯಲ್ಲಿ ಸಿಕ್ಕ ಪರಮಾಣುಗಳ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಹೊಡೆದೋಡಿಸುತ್ತದೆ. ಉಳಿದ ಧನ ಅಯಾನುಗಳನ್ನು ತನ್ನ ಋಣ ಆವೇಶದಿಂದ ಹಿಡಿದಿಟ್ಟುಕೊಳ್ಳುವುದೂ ಅದೇ ಕಿರಣ. ಕಿರಣದ ಶಕ್ತಿಯನ್ನು ಬದಲಿಸಿ ಬೇಕಾದ ಆವೇಶವನ್ನು ಆರಿಸಿಕೊಳ್ಳಬಹುದು: ಆರ್ಗಾನಿನ ಹದಿಮೂರನೆಯ ಎಲೆಕ್ಟ್ರಾನನ್ನು ಕೀಳಲು ಸುಮಾರು 686 ಎಲೆಕ್ಟ್ರಾನ್‌ವೋಲ್ಟ್ ಬೇಕು. ಮೊದಲಿಗೆ ಅತಿವಾಹಕ ಕಾಂತಗಳನ್ನು ಬೇಡುತ್ತಿದ್ದ ಈ ಯಂತ್ರಗಳನ್ನು ಹೈಡೆಲ್‌ಬರ್ಗಿನ ಮ್ಯಾಕ್ಸ್ ಪ್ಲಾಂಕ್ ಪರಮಾಣು ಬೀಜ ಭೌತವಿಜ್ಞಾನ ಸಂಸ್ಥೆಯಲ್ಲಿ ಹೊಸೆ ಕ್ರೆಸ್ಪೋ ಲೋಪೆಸ್-ಉರ್ರೂತಿಯಾ ಅವರ ತಂಡವು ಶಾಶ್ವತ ಕಾಂತಗಳಿಂದಲೇ ನಡೆಯುವಂತೆ ಕಿರಿದುಗೊಳಿಸಿತು.

ಹೀಗೆ ತಯಾರಾದ ಅಯಾನುಗಳು ಹತ್ತು ಲಕ್ಷ ಕೆಲ್ವಿನ್ ಉಷ್ಣತೆಯ ಮಟ್ಟದಲ್ಲಿರುತ್ತವೆ. ಆರ್ಗಾನ್-13+ ಅಯಾನಿನ 441 ನ್ಯಾನೋಮೀಟರ್ ಗೆರೆಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಐದು ಎಲೆಕ್ಟ್ರಾನುಗಳು ಉಳಿದ ಈ ಅಯಾನಿನಲ್ಲಿ ಇದು ಸೂಕ್ಷ್ಮ ರಚನೆಯ ಗೆರೆ. ಮೇಲಿನ ಮಟ್ಟದ ಆಯುಷ್ಯ ಸುಮಾರು 9.6 ಮಿಲಿಸೆಕೆಂಡುಗಳಾದ್ದರಿಂದ ಗೆರೆಯ ಸಹಜ ಅಗಲ 17 ಹರ್ಟ್ಸಿನಷ್ಟು ಮಾತ್ರ. ಬೋನಿನ ಬಿಸಿಯಲ್ಲಿ ಅತ್ತಿತ್ತ ನುಗ್ಗುವ ಅಯಾನುಗಳ ಡಾಪ್ಲರ್ ಪರಿಣಾಮದಿಂದ ಅದೇ ಗೆರೆ ಹತ್ತಾರು ಗಿಗಾಹರ್ಟ್ಸ್ ಅಗಲಕ್ಕೆ ಹರಡಿಹೋಗುತ್ತದೆ, ಎಂದರೆ ನೂರು ಕೋಟಿ ಪಟ್ಟಿಗಿಂತಲೂ ಹೆಚ್ಚು. ಬಾಚಣಿಗೆ ಎಷ್ಟೇ ನಿಖರವಾಗಿದ್ದರೂ ಇಷ್ಟು ಕಲಸಿಹೋದ ಗೆರೆಯ ಮೇಲೆ ಅದರ ಆಟ ನಡೆಯದು.

ಸಾಮಾನ್ಯವಾಗಿ ಅಯಾನುಗಳನ್ನು ಲೇಸರಿನಿಂದಲೇ ತಣಿಸುತ್ತಾರೆ: ಅಯಾನು ಬೆಳಕಿನ ಕಣಗಳನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ಹೀರಿ ಚೆದರಿಸುತ್ತ ಪ್ರತಿಸಲವೂ ತುಸು ವೇಗ ಕಳೆದುಕೊಳ್ಳುತ್ತದೆ. ಅದಕ್ಕೆ ಪ್ರಬಲವಾದ, ಲೇಸರಿಗೆ ಎಟಕುವ ಗೆರೆ ಬೇಕು. ಅಧಿಕ ಆವೇಶಿತ ಅಯಾನುಗಳ ಪ್ರಬಲ ಗೆರೆಗಳು ದೂರದ ಅತಿನೇರಳೆಯಲ್ಲಿರುವುದರಿಂದ, ಎಟಕುವ ಗೆರೆಗಳು ದುರ್ಬಲವಾಗಿರುವುದರಿಂದ, ಈ ದಾರಿ ಮುಚ್ಚಿದೆ. ಉಳಿದ ಉಪಾಯವೆಂದರೆ ತಣ್ಣಗಿರುವ ಬೇರೊಂದು ಜಾತಿಯ ಅಯಾನಿನ ಸಹವಾಸ. ಹೈಡೆಲ್‌ಬರ್ಗ್ ತಂಡ ಬೋನಿನಿಂದ ಹೊರಬಂದ ಆರ್ಗಾನ್-13+ ಅಯಾನುಗಳ ವೇಗವನ್ನು ವಿದ್ಯುತ್ ಕ್ಷೇತ್ರಗಳಿಂದ ತಗ್ಗಿಸಿ, ರೇಡಿಯೋ ಆವೃತ್ತಿಯ ಕ್ಷೇತ್ರದಲ್ಲಿ ಅಯಾನುಗಳನ್ನು ತೇಲಿಸಿಡುವ ಪೌಲ್ ಬೋನಿಗೆ ಸಾಗಿಸಿತು. ಅಲ್ಲಿ 313 ನ್ಯಾನೋಮೀಟರ್ ಲೇಸರಿನಿಂದ ತಣಿದು ಹರಳಿನಂತೆ ಸಾಲುಗಟ್ಟಿದ್ದ ಬೆರಿಲಿಯಂ ಅಯಾನುಗಳ ನಡುವೆ ಬಂದು ಬಿದ್ದ ಆರ್ಗಾನ್ ಅಯಾನು, ವಿದ್ಯುತ್ ವಿಕರ್ಷಣೆಯ ಮೂಲಕವೇ ತನ್ನ ಶಕ್ತಿಯನ್ನು ಅವುಗಳಿಗೆ ಹಂಚಿ ಕೆಲ್ವಿನ್ನಿನ ಸಾವಿರದಲ್ಲೊಂದು ಪಾಲಿನ ಮಟ್ಟಕ್ಕೆ ತಂಪಾಯಿತು. 2015ರಲ್ಲಿ ಪ್ರಕಟವಾದ ಈ ಪ್ರಯೋಗವೇ ಇಡೀ ಕ್ಷೇತ್ರದ ತಿರುವು. ಅನಂತರದ ಬಹುತೇಕ ಫಲಿತಾಂಶಗಳು ಇದರ ಮೇಲೆ ನಿಂತಿರುವುದರಿಂದ, ಹೆಚ್ಚು ಪ್ರಚಾರ ಪಡೆದ ಮುಂದಿನ ಅಳತೆಗಳಿಗಿಂತ ಇದನ್ನೇ ದೊಡ್ಡ ಸಾಧನೆಯೆಂದು ಪರಿಗಣಿಸುವುದು ನ್ಯಾಯ. ಪೌಲ್ ಬೋನನ್ನು 4 ಕೆಲ್ವಿನ್ನಿನ ಸುಮಾರಿಗೆ ತಣ್ಣಗಿಡುವುದು ಅಗತ್ಯ. ಆ ಶೀತದಲ್ಲಿ ಅಳಿದುಳಿದ ಅನಿಲವೆಲ್ಲ ಗೋಡೆಗಳ ಮೇಲೆ ಹೆಪ್ಪುಗಟ್ಟಿ ನಿರ್ವಾತ ಗಾಢವಾಗುತ್ತದೆ; ಇಲ್ಲವಾದರೆ ಎಲೆಕ್ಟ್ರಾನಿಗಾಗಿ ಹಸಿದಿರುವ ಅಯಾನು ಮೊದಲು ಎದುರಾದ ಹೈಡ್ರೋಜನ್ ಅಣುವಿನಿಂದಲೇ ಒಂದನ್ನು ಕಸಿದುಕೊಂಡು ಬೇರೆಯೇ ಅಯಾನಾಗಿಬಿಡುತ್ತದೆ. ಇಷ್ಟೆಲ್ಲ ಎಚ್ಚರದ ನಂತರವೂ ಒಂದು ಅಯಾನು ಉಳಿಯುವುದು ಹತ್ತಾರು ನಿಮಿಷ. ಅದು ಕೆಟ್ಟೊಡನೆ ಹೊಸದನ್ನು ತರಬೇಕು.

ಕ್ವಾಂಟಮ್ ತರ್ಕದ ರೋಹಿತಮಾಪನ

ತಣಿದ ಅಯಾನಿನ ಮೇಲೆ ಲೇಸರ್ ಬೀರಿದಾಗ ಅದು ಮೇಲಿನ ಮಟ್ಟಕ್ಕೆ ಏರಿತೇ ಎಂದು ತಿಳಿಯುವುದು ಮುಂದಿನ ತೊಡಕು. ಹತ್ತು ಮಿಲಿಸೆಕೆಂಡಿಗೊಮ್ಮೆ ಒಂದೇ ಬೆಳಕಿನ ಕಣವನ್ನು ಸೂಸುವ ಅಯಾನನ್ನು ನೋಡಿ ಉತ್ತರ ಪಡೆಯುವಂತಿಲ್ಲ. ಇದಕ್ಕೆ ಪರಿಹಾರ ಅಮೆರಿಕದ ರಾಷ್ಟ್ರೀಯ ಮಾಪನ ಸಂಸ್ಥೆಯಲ್ಲಿ ಡೇವಿಡ್ ವೈನ್‌ಲ್ಯಾಂಡ್ ತಂಡ ಅಲ್ಯೂಮಿನಿಯಂ ಅಯಾನಿಗಾಗಿ 2005ರಲ್ಲಿ ತೋರಿಸಿದ್ದ ಉಪಾಯದಲ್ಲಿತ್ತು; ಆ ಪ್ರಯೋಗದ ಪ್ರಧಾನ ಕರ್ತೃವಾಗಿದ್ದ ಪೀಟ್ ಷ್ಮಿಟ್ ಅನಂತರ ಬ್ರೌನ್‌ಷ್ವೈಗ್ ಸಂಸ್ಥೆಯಲ್ಲಿ ಅಧಿಕ ಆವೇಶಿತ ಅಯಾನುಗಳ ಕೆಲಸದ ನೇತೃತ್ವ ವಹಿಸಿದರು. ಹರಳಿನಲ್ಲಿರುವ ಹೆಚ್ಚುವರಿ ಬೆರಿಲಿಯಂ ಅಯಾನುಗಳನ್ನು ಹೊರದಬ್ಬಿ, ಒಂದೇ ಬೆರಿಲಿಯಂ ಮತ್ತು ಒಂದೇ ಆರ್ಗಾನ್ ಉಳಿಸಲಾಗುತ್ತದೆ. ಪರಸ್ಪರ ವಿಕರ್ಷಣೆಯಿಂದ ಕಟ್ಟುಬಿದ್ದ ಈ ಜೋಡಿಯಲ್ಲಿ ಒಂದು ಅಲುಗಿದರೆ ಇನ್ನೊಂದೂ ಅಲುಗಲೇಬೇಕು. ಮೊದಲು ಜೋಡಿಯ ಕಂಪನವನ್ನು ಕ್ವಾಂಟಮ್ ನಿಯಮ ಅನುಮತಿಸುವ ಅತಿ ಕೆಳಗಿನ ಸ್ಥಿತಿಗೆ ಇಳಿಸಿ, ಬಳಿಕ ಆರ್ಗಾನಿನ ಮೇಲೆ ಅಳತೆಯ ಲೇಸರನ್ನು ಹಾಯಿಸಲಾಗುತ್ತದೆ. ಮುಂದಿನ ಮಿಡಿತವು ಆರ್ಗಾನಿನ ಸ್ಥಿತಿಯನ್ನು ಅವಲಂಬಿಸಿ ಜೋಡಿಯನ್ನು ಒಂದೇ ಒಂದು ಕ್ವಾಂಟಮಿನಷ್ಟು ಅಲುಗಿಸುತ್ತದೆ, ಇಲ್ಲವೇ ಬಿಡುತ್ತದೆ. ಆ ಅಲುಗನ್ನು ಮತ್ತೊಂದು ಲೇಸರ್ ಬೆರಿಲಿಯಂನ ಆಂತರಿಕ ಸ್ಥಿತಿಗೆ ವರ್ಗಾಯಿಸುತ್ತದೆ. ಕೊನೆಗೆ ಬೆರಿಲಿಯಂ ಬೆಳಗುತ್ತದೆಯೇ ಇಲ್ಲವೇ ಎಂದು ನೋಡಿದರೆ ಆರ್ಗಾನಿನ ಉತ್ತರ ತಿಳಿಯುತ್ತದೆ.

ಈ ವಿಧಾನದಿಂದ ಆರ್ಗಾನ್-13+ ಗೆರೆಯನ್ನು ಬ್ರೌನ್‌ಷ್ವೈಗ್ ಮತ್ತು ಹೈಡೆಲ್‌ಬರ್ಗ್ ತಂಡಗಳು ಅಳೆದು 2020ರ ಆರಂಭದಲ್ಲಿ ಪ್ರಕಟಿಸಿದವು. ಅಧಿಕ ಆವೇಶಿತ ಅಯಾನುಗಳ ಹಿಂದಿನ ರೋಹಿತಮಾಪನಕ್ಕೆ ಹೋಲಿಸಿದರೆ ನಿಖರತೆ ಸುಮಾರು ಹತ್ತು ಕೋಟಿ ಪಟ್ಟು ಹೆಚ್ಚಿತು. ವಿಜ್ಞಾನದಲ್ಲಿ ಒಂದೇ ಜಿಗಿತಕ್ಕೆ ಇಷ್ಟು ಲಾಭ ಸಿಗುವುದು ಅಪೂರ್ವ, ಅದು ಸಿಕ್ಕದ್ದು ಹಳೆಯ ಅಡಚಣೆ ಎಷ್ಟು ದೊಡ್ಡದಿತ್ತೆಂಬುದಕ್ಕೆ ಪುರಾವೆ. ಬಾಚಣಿಗೆ ಇಲ್ಲಿ ಸೇತುವೆಯಾಗಿ ದುಡಿಯಿತು. ಬ್ರೌನ್‌ಷ್ವೈಗ್‌ನಲ್ಲಿ ಒಂದೇ ಹರಳಾಗಿ ಬೆಳೆಸಿದ ಸಿಲಿಕಾನಿನಿಂದ ಮಾಡಿದ, ಕನ್ನಡಿಗಳ ನಡುವೆ ಬೆಳಕನ್ನು ಓಡಾಡಿಸುವ ಕುಹರವೊಂದನ್ನು 124 ಕೆಲ್ವಿನ್ನಿನಲ್ಲಿ ಇರಿಸಲಾಗಿದೆ. ಆ ಉಷ್ಣತೆಯಲ್ಲಿ ಸಿಲಿಕಾನ್ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲವಾದ್ದರಿಂದ ಅದಕ್ಕೆ ಬಿಗಿದ 1542 ನ್ಯಾನೋಮೀಟರಿನ ಅವಗೆಂಪು ಲೇಸರ್ ಜಗತ್ತಿನ ಅತಿ ಸ್ಥಿರ ಲೇಸರುಗಳಲ್ಲೊಂದು. ಆರ್ಗಾನಿಗೆ ಬೇಕಾದದ್ದು 441 ನ್ಯಾನೋಮೀಟರಿನ ನೀಲಿ ಬೆಳಕು. ಅದನ್ನು 882 ನ್ಯಾನೋಮೀಟರ್ ಲೇಸರಿನ ಆವೃತ್ತಿಯನ್ನು ಇಮ್ಮಡಿಸಿ ಪಡೆಯುತ್ತಾರೆ. ಬಾಚಣಿಗೆಯ ಒಂದು ಹಲ್ಲನ್ನು ಸಿಲಿಕಾನ್ ಕುಹರದ ಲೇಸರಿಗೂ ಮತ್ತೊಂದನ್ನು 882 ನ್ಯಾನೋಮೀಟರ್ ಲೇಸರಿಗೂ ಕಟ್ಟಿದಾಗ ಮೊದಲನೆಯದರ ಸ್ಥಿರತೆ ಎರಡನೆಯದಕ್ಕೆ ಇಳಿದುಬರುತ್ತದೆ. ಹಲ್ಲುಗಳ ಅಂತರ 10 ಕೋಟಿ ಹರ್ಟ್ಸ್ ಎಂದಿಟ್ಟುಕೊಂಡರೆ 882 ನ್ಯಾನೋಮೀಟರ್ ಬೆಳಕು ಸುಮಾರು 34 ಲಕ್ಷನೆಯ ಹಲ್ಲಿನ ಬಳಿ ಬರುತ್ತದೆ.

ಮುಂದಿನ ಹೆಜ್ಜೆಯಲ್ಲಿ ಅಯಾನು ಜೋಡಿಯ ಎಲ್ಲ ದಿಕ್ಕಿನ ಕಂಪನಗಳನ್ನೂ ತಣಿಸಬೇಕಾಯಿತು. ಬೆರಿಲಿಯಂನಲ್ಲಿ ಒಂದು ಆವೇಶಕ್ಕೆ ಒಂಬತ್ತು ಮಾನದ ದ್ರವ್ಯರಾಶಿಯಾದರೆ ಆರ್ಗಾನ್-13+ ಅಯಾನಿನಲ್ಲಿ ಅದು ಮೂರರಷ್ಟೇ. ಈ ಅಸಮ ಜೋಡಿಯ ಕೆಲವು ಕಂಪನಗಳಲ್ಲಿ ಬೆರಿಲಿಯಂ ಬಹುತೇಕ ಭಾಗವಹಿಸದೆ ಇರುವುದರಿಂದ ಅದನ್ನು ತಣಿಸಿದರೂ ಆರ್ಗಾನಿಗೆ ತಂಪು ಮುಟ್ಟುವುದಿಲ್ಲ. ಅಂಥ ಕಂಪನದ ಶಕ್ತಿಯನ್ನು ಕ್ವಾಂಟಮ್ ಲೆಕ್ಕದಲ್ಲಿ ಒಂದೊಂದಾಗಿ ತೆಗೆದು, ಬೆರಿಲಿಯಂಗೆ ತಾಗುವ ಇನ್ನೊಂದು ಕಂಪನಕ್ಕೆ ಸಾಗಿಸಿ ಅಲ್ಲಿಂದ ಹೊರಹಾಕುವ ಕ್ರಮವನ್ನು 2021ರಲ್ಲಿ ತೋರಿಸಲಾಯಿತು. 2022ರಲ್ಲಿ ಇದೇ ಅಯಾನು ಮೊದಲ ಅಧಿಕ ಆವೇಶಿತ ಅಯಾನು ಗಡಿಯಾರವಾಯಿತು. ಅದರ ವ್ಯವಸ್ಥಿತ ಅನಿಶ್ಚಿತತೆ 2.2×10⁻¹⁷. ಅದರ ಆವೃತ್ತಿಯನ್ನು ಅದೇ ಸಂಸ್ಥೆಯ ಯಿಟರ್ಬಿಯಂ ಅಯಾನು ಗಡಿಯಾರದೊಡನೆ ಬಾಚಣಿಗೆಯ ಮೂಲಕ ಹೋಲಿಸಲಾಯಿತು. ಈ ಅಂಕಿ ಜಗತ್ತಿನ ಅತ್ಯುತ್ತಮ ಗಡಿಯಾರಗಳದಕ್ಕಿಂತ ಹಿಂದಿದೆ. ಆದರೆ ಮಿತಿ ಇರುವುದು ಬೋನಿನ ಕುಂದುಗಳಲ್ಲಿಯೇ ಹೊರತು ಅಯಾನಿನ ಸ್ವಭಾವದಲ್ಲಿ ಅಲ್ಲ ಎಂಬುದೇ ಮುಖ್ಯ.

ಸಿದ್ಧಾಂತದೊಡನೆ ಹೋಲಿಕೆ

ಅಳತೆ ಇಷ್ಟು ಮುಂದೆ ಹೋದಾಗ ಗಣನೆ ಹಿಂದೆ ಬಿದ್ದಿದೆ. ಐದು ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನೂ ಕ್ವಾಂಟಮ್ ವಿದ್ಯುದ್ಗತಿವಿಜ್ಞಾನದ ತಿದ್ದುಪಡಿಗಳನ್ನೂ ಒಟ್ಟಿಗೆ ಗಣಿಸಿ ಆರ್ಗಾನ್-13+ ಗೆರೆಯ ಆವೃತ್ತಿಯನ್ನು ಮೊದಲ ಕೆಲವು ಅಂಕಿಗಳವರೆಗೆ ಮಾತ್ರ ಹೇಳಬಹುದು. ಉಳಿದ ಅಂಕಿಗಳು ಸದ್ಯಕ್ಕೆ ಸಿದ್ಧಾಂತದ ಪರೀಕ್ಷೆಗೆ ಒದಗುವುದಿಲ್ಲ. ಆದಕಾರಣ ಸಂಶೋಧಕರು ವ್ಯತ್ಯಾಸಗಳ ಕಡೆಗೆ ತಿರುಗಿದ್ದಾರೆ. ಒಂದೇ ಧಾತುವಿನ, ನ್ಯೂಟ್ರಾನುಗಳ ಸಂಖ್ಯೆಯಲ್ಲಿ ಮಾತ್ರ ಬೇರೆಯಾದ ಪರಮಾಣುಗಳು, ಅಂದರೆ ಐಸೊಟೋಪುಗಳು, ಸೂಸುವ ಗೆರೆಗಳ ನಡುವೆ ಅಲ್ಪ ಅಂತರವಿರುತ್ತದೆ. ವ್ಯತ್ಯಾಸ ತೆಗೆದಾಗ ಗಣಿಸಲು ಕಷ್ಟವಾದ ದೊಡ್ಡ ಭಾಗ ಎರಡೂ ಕಡೆ ಸಮವಾಗಿರುವುದರಿಂದ ಹೊಡೆದುಹೋಗುತ್ತದೆ. 2022ರ ಪ್ರಯೋಗದಲ್ಲಿ ಆರ್ಗಾನ್-40 ಮತ್ತು ಆರ್ಗಾನ್-36ರ ನಡುವಿನ ಅಂತರವನ್ನೂ ಅಳೆದು, ಬೀಜಕೇಂದ್ರ ಹಿಮ್ಮೆಟ್ಟುವುದರಿಂದ ಉಂಟಾಗುವ ಕ್ವಾಂಟಮ್ ವಿದ್ಯುದ್ಗತಿ ಪರಿಣಾಮವನ್ನು ಐದು ಎಲೆಕ್ಟ್ರಾನುಗಳ ವ್ಯವಸ್ಥೆಯಲ್ಲಿ ಗುರುತಿಸಲಾಯಿತು.

ಇದೇ ಆಲೋಚನೆಯ ಹೆಚ್ಚು ಹರಿತವಾದ ರೂಪ ಕಿಂಗ್ ನಕ್ಷೆ. ಹಲವು ಐಸೊಟೋಪುಗಳಲ್ಲಿ ಎರಡು ಬೇರೆ ಗೆರೆಗಳ ಅಂತರಗಳನ್ನು ಅಳೆದು, ತಕ್ಕ ರೀತಿಯಲ್ಲಿ ದ್ರವ್ಯರಾಶಿಗಳಿಂದ ಭಾಗಿಸಿ ಒಂದರ ಎದುರು ಇನ್ನೊಂದನ್ನು ಗುರುತಿಸಿದರೆ ಬಿಂದುಗಳು ನೇರ ಗೆರೆಯ ಮೇಲೆ ಬೀಳಬೇಕು. ಬೀಳದಿದ್ದರೆ ಬೀಜಕೇಂದ್ರದ ಯಾವುದೋ ಸೂಕ್ಷ್ಮ ಪರಿಣಾಮ ಲೆಕ್ಕಕ್ಕೆ ಸಿಕ್ಕಿಲ್ಲ, ಇಲ್ಲವೇ ಎಲೆಕ್ಟ್ರಾನಿಗೂ ನ್ಯೂಟ್ರಾನಿಗೂ ನಡುವೆ ಇದುವರೆಗೆ ಅರಿಯದ ಬಲವೊಂದಿದೆ. ಐದು ಸ್ಥಿರ ಅಥವಾ ಬಹುಕಾಲ ಬಾಳುವ ಸಮಸಂಖ್ಯೆಯ ಐಸೊಟೋಪುಗಳುಳ್ಳ ಕ್ಯಾಲ್ಸಿಯಂ ಇದಕ್ಕೆ ಒಗ್ಗುತ್ತದೆ. ಬ್ರೌನ್‌ಷ್ವೈಗ್‌ನಲ್ಲಿ ಕ್ಯಾಲ್ಸಿಯಂ-14+ ಅಯಾನಿನ 570 ನ್ಯಾನೋಮೀಟರ್ ಗೆರೆಯನ್ನೂ ಜ್ಯೂರಿಕ್‌ನಲ್ಲಿ ಒಂದೇ ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂನ ಗೆರೆಯನ್ನೂ ಹೈಡೆಲ್‌ಬರ್ಗ್‌ನಲ್ಲಿ ಬೀಜಕೇಂದ್ರಗಳ ದ್ರವ್ಯರಾಶಿಗಳ ಅನುಪಾತವನ್ನೂ ಅಳೆದು 2025ರಲ್ಲಿ ಪ್ರಕಟಿಸಿದ ಜಂಟಿ ಫಲಿತಾಂಶದಲ್ಲಿ ನಕ್ಷೆ ನೇರವಾಗಿರಲಿಲ್ಲ, ಆ ಬಾಗುವಿಕೆ ಅಳತೆಯ ತಪ್ಪಿನಿಂದ ಬಂದುದೆನ್ನಲು ಎಡೆಯೇ ಇಲ್ಲದಷ್ಟು ಸ್ಪಷ್ಟವಾಗಿತ್ತು. ಹೊಸ ಬಲ ಸಿಕ್ಕಿತೆಂದು ಯಾರೂ ಹೇಳಲಿಲ್ಲ. ದ್ರವ್ಯರಾಶಿಯ ಎರಡನೆಯ ದರ್ಜೆಯ ಪರಿಣಾಮ ಮತ್ತು ಎಲೆಕ್ಟ್ರಾನುಗಳ ಕ್ಷೇತ್ರದಲ್ಲಿ ಬೀಜಕೇಂದ್ರವೇ ತುಸು ವಿರೂಪಗೊಳ್ಳುವ ಪರಿಣಾಮಗಳಿಂದ ಬಾಗುವಿಕೆಯನ್ನು ವಿವರಿಸಿ, ಅಜ್ಞಾತ ಬಲ ಇದ್ದರೆ ಎಷ್ಟಕ್ಕಿಂತ ದುರ್ಬಲವಾಗಿರಬೇಕು ಎಂಬ ಮಿತಿಯನ್ನು ಹಾಕಲಾಯಿತು.

ದೂರದ ಅತಿನೇರಳೆಯ ಕಡೆಗೆ

ಅಧಿಕ ಆವೇಶಿತ ಅಯಾನುಗಳ ಬಹುಸಂಖ್ಯೆಯ ಗೆರೆಗಳು ಗೋಚರ ಬೆಳಕಿನ ಆಚೆಗಿವೆ. ಅಲ್ಲಿಗೆ ತಲಪಲು ಬಾಚಣಿಗೆಯ ಮಿಡಿತಗಳನ್ನು ಕನ್ನಡಿಗಳ ಕುಹರದಲ್ಲಿ ಒಂದರ ಮೇಲೊಂದು ಪೇರಿಸಿ ತೀವ್ರಗೊಳಿಸಿ, ಕ್ಸೆನಾನಿನಂಥ ಅನಿಲದ ಧಾರೆಯ ಮೇಲೆ ಕೇಂದ್ರೀಕರಿಸುತ್ತಾರೆ. ಆಗ ಮೂಲ ಆವೃತ್ತಿಯ ಮೂರು, ಐದು, ಏಳು ಹೀಗೆ ಬೆಸಸಂಖ್ಯೆಯ ಗುಣಕಗಳು ಹೊಮ್ಮುತ್ತವೆ, ಬಾಚಣಿಗೆಯ ರಚನೆ ಅವುಗಳಲ್ಲಿಯೂ ಉಳಿದುಬರುತ್ತದೆ. 2005ರಲ್ಲಿ ಗಾರ್ಶಿಂಗ್ ಮತ್ತು ಬೌಲ್ಡರ್ ಎರಡೂ ಕಡೆ ಇದು ಸಾಧ್ಯವಾಯಿತು. 2012ರಲ್ಲಿ ಬೌಲ್ಡರಿನ ತಂಡ ಇಂಥ ಬಾಚಣಿಗೆಯಿಂದ ತಟಸ್ಥ ಆರ್ಗಾನಿನ 82 ನ್ಯಾನೋಮೀಟರ್ ಮತ್ತು ನಿಯಾನಿನ 63 ನ್ಯಾನೋಮೀಟರ್ ಗೆರೆಗಳನ್ನು ನೇರವಾಗಿ ನೋಡಿತು. ಜುನ್ ಯೆ ನೇತೃತ್ವದಲ್ಲಿ ಅಲ್ಲಿಯೇ 2024ರಲ್ಲಿ, ಏಳನೆಯ ಗುಣಕದ ಬಾಚಣಿಗೆಯಿಂದ ಥೋರಿಯಂ-229ರ ಬೀಜಕೇಂದ್ರದ್ದೇ ಆದ 148 ನ್ಯಾನೋಮೀಟರ್ ಸಂಕ್ರಮಣವನ್ನು ಕಿಲೋಹರ್ಟ್ಸ್ ಮಟ್ಟದಲ್ಲಿ ಅಳೆದದ್ದು ಈ ಬೆಳಕಿನ ಮೂಲಗಳು ಪಕ್ವವಾಗಿರುವುದಕ್ಕೆ ಸಾಕ್ಷಿ.

ಹೈಡೆಲ್‌ಬರ್ಗ್‌ನಲ್ಲಿ ಅಧಿಕ ಆವೇಶಿತ ಅಯಾನುಗಳಿಗೆಂದೇ ಇಂಥ ಬಾಚಣಿಗೆಯನ್ನು ಕಟ್ಟಲಾಗಿದೆ. ಅದರೊಡನೆ ಬಳಸಲು ನಿಯೋಬಿಯಂ ಲೋಹದ ಅತಿವಾಹಕ ಪೌಲ್ ಬೋನನ್ನೂ 2021ರಲ್ಲಿ ರೂಪಿಸಲಾಯಿತು. ಇಲ್ಲಿನ ದೊಡ್ಡ ಕಷ್ಟ ಗೆರೆಯನ್ನು ಹುಡುಕುವುದು. ಸಹಜ ಅಗಲ ಒಂದು ಹರ್ಟ್ಸಿಗೂ ಕಡಿಮೆಯಿರಬಹುದಾದ ಗೆರೆಯ ಸ್ಥಾನವನ್ನು ಸಿದ್ಧಾಂತ ಸ್ಥೂಲವಾಗಿ ಮಾತ್ರ ಹೇಳುವುದರಿಂದ, ಸಾವಿರಾರು ಗಿಗಾಹರ್ಟ್ಸ್ ಹರವಿನಲ್ಲಿ ಒಂದೊಂದೇ ಅಯಾನಿನಿಂದ ಅದನ್ನು ಅರಸುವುದು ಅಸಾಧ್ಯವೆಂಬಷ್ಟು ನಿಧಾನ. ಈ ತೊಡಕಿಗೆ ಅದೇ ಸಂಸ್ಥೆಯ ಇನ್ನೊಂದು ತಂಡ ತಕ್ಕಡಿಯ ದಾರಿ ಹಿಡಿಯಿತು. ಉದ್ರಿಕ್ತ ಅಯಾನು ತನ್ನಲ್ಲಿರುವ ಹೆಚ್ಚುವರಿ ಶಕ್ತಿಗೆ ಸಮನಾದಷ್ಟು ಭಾರವಾಗಿರುತ್ತದೆ ಎಂಬ ಐನ್‌ಸ್ಟೈನನ ಸಂಬಂಧವನ್ನು ಬಳಸಿ, ಕಾಂತಕ್ಷೇತ್ರದ ಪೆನ್ನಿಂಗ್ ಬೋನಿನಲ್ಲಿ ಅಯಾನುಗಳು ಸುತ್ತುವ ಆವೃತ್ತಿಯನ್ನು ಹೋಲಿಸಿ, ರೀನಿಯಂ-29+ ಅಯಾನಿನಲ್ಲಿ ಬಹುಕಾಲ ಉಳಿಯುವ 202 ಎಲೆಕ್ಟ್ರಾನ್‌ವೋಲ್ಟಿನ ಮಟ್ಟವೊಂದನ್ನು 2020ರಲ್ಲಿ ತೂಗಿಯೇ ಕಂಡುಹಿಡಿಯಲಾಯಿತು; ಅದು ಅಯಾನಿನ ಒಟ್ಟು ದ್ರವ್ಯರಾಶಿಯ ನೂರು ಕೋಟಿಯಲ್ಲೊಂದು ಪಾಲಿನಷ್ಟು ವ್ಯತ್ಯಾಸ. 2023ರಲ್ಲಿ ಸೀಸ-41+ ಅಯಾನಿನಲ್ಲಿ ಸುಮಾರು 31 ಎಲೆಕ್ಟ್ರಾನ್‌ವೋಲ್ಟಿನ ಅಂಥದೇ ಮಟ್ಟ ಸಿಕ್ಕಿತು. ಅದಕ್ಕೆ ಸರಿಹೊಂದುವ ಬೆಳಕಿನ ತರಂಗಾಂತರ 40 ನ್ಯಾನೋಮೀಟರಿನ ಸುಮಾರು, ಅದು ಅತಿನೇರಳೆ ಬಾಚಣಿಗೆಗಳು ಬೆಳಕು ಕೊಡಬಲ್ಲ ವಲಯದ ಒಳಗೇ ಇದೆ.